ನನ್ನಿಂದ ಅಂಟಿದ ಹುಣ್ಣು

ಏಪ್ರಿಲ್ 6, ಶನಿವಾರ
ಮತ್ತೆ ಎದ್ದಿದೆ. ಕೆಳತುಟಿಯ ಒಳಗೊಂದು, ನಾಲಿಗೆಯ ಅಂಚಿನಲ್ಲೊಂದು. ಉಪ್ಪುನೀರು ಮುಕ್ಕಳಿಸಿ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆದೆ. "ಎಷ್ಟು ಕಾಪಿ?" ಎಂದು ಕೇಳಲೂ ಆಗದೆ ಗಿರಾಕಿಗಳಿಗೆ ಬೆರಳು ತೋರಿಸಿದೆ.

ಸಂಜೆ ಅತ್ತೆ ನನ್ನ ತುಟಿ ಹಿಡಿದೆಳೆದು ಪಕ್ಕದ ಮನೆಯವರಿಗೂ ತೋರಿಸಿದರು. ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ.

"ಉಷ್ಣ ಕಣೇ ಕೋಮಲಾ. ಸೀಬೆ ಚಿಗುರು ಅಗಿ."

ಅಗಿಯಲು ಆಗುವುದಿಲ್ಲ ಎಂದೆ. ತಾವೇ ಅಗಿದು, ಆ ಹಸಿರು ಮುದ್ದೆಯನ್ನು ಬೆರಳಲ್ಲಿ ತೆಗೆದು ನನ್ನ ಬಾಯಿಗೆ ತಂದರು. ಥೂ! ಹಿತ್ತಿಲಿಗೆ ಓಡಿದೆ.

ಏಪ್ರಿಲ್ 9, ಯುಗಾದಿ
ಬೇವು ಬೆಲ್ಲ ತಾಗಿ ಕಣ್ಣಲ್ಲಿ ನೀರು. ಹೋಳಿಗೆಗೆ ತುಪ್ಪ ಸುರಿದು ಹಾಗೇ ನುಂಗಿದೆ. ತುಪ್ಪ ಒಂದೇ ಹಿತ.

ಇವರು ಕೊಬ್ಬರಿ ಲೋಡ್ ಇಳಿಸಿ ಮಧ್ಯಾಹ್ನ ಬಂದರು. ಗುಟ್ಕಾ ಉಗುಳಿ ಬಾಯಿ ತೊಳೆದ ಬೇಸಿನ್ ತುಂಬ ಕಂದು ನೊರೆ. ಉಜ್ಜಿದ್ದು ನಾನು. ಹಬ್ಬದ ದಿನ... ನನ್ನ ಬಾಯಿಯನ್ನು ಊರೇ ನೋಡುತ್ತದೆ. ಗಂಡನ ಬಾಯಿಯನ್ನು ಯಾರೂ ನೋಡುವುದಿಲ್ಲ.

ಏಪ್ರಿಲ್ 13
ನನಗೆ ವಾಸಿ. ಜೇನುತುಪ್ಪಕ್ಕೋ, ಮಜ್ಜಿಗೆಗೋ, ಸುಮ್ಮನೆ ದಿನ ಕಳೆದದ್ದಕ್ಕೋ.

ಆದರೆ ಇವರು ಅರ್ಧ ಊಟದಲ್ಲೇ ಎದ್ದರು. ಸಾರು ತಾಗಿದರೆ ಬಾಯೆಲ್ಲ ಉರಿಯಂತೆ. "ನಿನ್ ಹುಣ್ಣೇ ನಂಗೆ ಅಂಟ್ಕಂಡೈತೆ!"

ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. "ಬಸವೇಶನ ಲೋಟ ಮುಟ್ಟಬ್ಯಾಡ ಕಣೇ."

ದಿನವೂ ಇವರ ಉಗುಳು ತೊಳೆಯುವವಳು ನಾನು. ಈಗ ನಾನೇ ಅಸಹ್ಯ.

ಏಪ್ರಿಲ್ 27
ಬರೆಯಲು ಮನಸ್ಸಿರಲಿಲ್ಲ. ಪಟಿಕದ ನೀರು, ದಾಳಿಂಬೆ ಸಿಪ್ಪೆಯ ಕಷಾಯ, ಗಸಗಸೆ ಪಾಯಸ — ಇವರಿಗೆ ಎಲ್ಲ ಆಯಿತು. ಯಾವುದೂ ನಾಟಲಿಲ್ಲ. ಗುಟ್ಕಾ ನಿಂತಿಲ್ಲ.

ಇವತ್ತು ಮುದ್ದೆಯ ತುತ್ತು ಬಾಯೊಳಗೆ ಹೋಗದೆ ತುಟಿಗೆ ತಾಗಿ ತಟ್ಟೆಗೆ ಬಿತ್ತು. ಇವರ ಬಾಯಿ ಅಷ್ಟಗಲ ತೆರೆಯಲೇ ಇಲ್ಲ.

ಏಪ್ರಿಲ್ 29, ಸೋಮವಾರ
ಜಗಳವಾಡಿ ಹಲ್ಲಿನ ಡಾಕ್ಟರ್ ರುದ್ರಮೂರ್ತಿಯವರ ಹತ್ತಿರ ಕರೆದುಕೊಂಡು ಹೋದೆ. ಅತ್ತೆಯೂ ಬಂದರು. ಕೂರುವ ಮೊದಲೇ, "ಸೊಸೆಯಿಂದ ಅಂಟ್ತು ಸಾರ್."

ಡಾಕ್ಟರ್ ಇವರ ಬಾಯಿಗೆ ಟಾರ್ಚ್ ಹಾಕಿ ನೋಡಿದರು. "ಅದು ಅಂಟೋ ಹುಣ್ಣಲ್ಲ ಕಣಮ್ಮಾ. ಬಸವೇಶ್, ಮೂರು ಬೆರಳು ಜೋಡಿಸಿ ಬಾಯಿಗೆ ನೆಟ್ಟಗೆ ಇಡಿ ನೋಡೋಣ."

ಎರಡೇ ಹೋದವು. ಅದೂ ತಿಣುಕಿ.

"ಗುಟ್ಕಾದಿಂದ ಒಳಗೆಲ್ಲ ಬಿಗಿದುಬಿಟ್ಟಿದೆ. ಪೂರ್ತಿ ಮೊದಲಿನ ಹಾಗೆ ಆಗೋದು ಕಷ್ಟ. ಕೆನ್ನೆ ಒಳಗೊಂದು ಬಿಳಿ ಮಚ್ಚೆ ಇದೆ. ಚೂರು ತೆಗೆದು ಟೆಸ್ಟ್‌ಗೆ ಕಳಿಸ್ತೀನಿ."

ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿಯಲು ಬಂದರು. ಎಳೆದುಕೊಂಡೆ.

ಮೇ 8
ಕ್ಯಾನ್ಸರ್ ಅಲ್ಲ. "ಸದ್ಯಕ್ಕಲ್ಲ" ಎಂದರು ಡಾಕ್ಟರ್. ಮಾತ್ರೆ, ಬಾಯಿ ತೆರೆಯುವ ವ್ಯಾಯಾಮ. ಗುಟ್ಕಾ ಮುಟ್ಟಲೇ ಕೂಡದು. ವಾರಕ್ಕೊಮ್ಮೆ ಮನೆಯವರೇ ಟಾರ್ಚ್ ಹಾಕಿ ಮಚ್ಚೆ ನೋಡಬೇಕು.

ಇವರು ತಾಯಿಯ ತಲೆ ಮುಟ್ಟಿ ಆಣೆ ಮಾಡಿದರು. ಅತ್ತೆ ಅತ್ತರು. ನನ್ನ ಲೋಟ ಮಾತ್ರ ಇನ್ನೂ ಬೇರೆಯೇ.

ಮೇ 12, ಬೆಳಿಗ್ಗೆ ಆರು
ಜಗುಲಿಯಲ್ಲಿ ಕೂರಿಸಿದೆ.

"ಬ್ಯಾಡ ಬಿಡು. ನಿಂಗೆ ಅಸಹ್ಯ ಆಯ್ತದೆ."

"ಆಗುತ್ತೆ. ಬಾಯಿ ತೆರೀರಿ."

ಗಲ್ಲ ಹಿಡಿದೆ. ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿದೆ. ಉಸಿರು ಬಿಗಿಹಿಡಿದು ಬಗ್ಗಿದೆ. ಮಚ್ಚೆ ಹಾಗೇ ಇದೆ. ಅದರ ಕೆಳಗೆ, ಹಲ್ಲಿನ ಸಂದಿಯಲ್ಲಿ ಗುಟ್ಕಾದ ಅಡಿಕೆ ಚೂರು. ಹೊಸದು.

ಟಾರ್ಚ್ ಆರಿಸಲಿಲ್ಲ. ಇವರು ಬಾಯಿ ಮುಚ್ಚಲಿಲ್ಲ. ಒಳಗಿಂದ ಅತ್ತೆ, "ಹೆಂಗೈತೆ ಕಣೇ, ವಾಸಿ ಆಗೈತಾ?"

ನಾನು ಟಾರ್ಚ್ ಹಾಗೇ ಹಿಡಿದು, "ನೀವೇ ಬಂದು ನೋಡಿ ಅತ್ತೆ" ಎಂದೆ.