ರೇವವ್ವ ಕೊಟ್ಟ ಪರವಾನಗಿ

ಸಿಂದಗಿ ಬಸ್ ನಿಲ್ದಾಣ
ಶುಕ್ರವಾರ, 21 ಫೆಬ್ರವರಿ 2025

ಚಿ. ಸೌ. ಸುರೇಖಾ,

ಮುದ್ದೇಬಿಹಾಳದಲ್ಲಿ ನೀನೂ ಅಳಿಯಂದಿರೂ ಕ್ಷೇಮವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಅಕ್ಷರಗಳು ಓರೆಯಾಗಿವೆಯೆಂದು ಬೇಸರಿಸಬೇಡ. ನಿಲ್ದಾಣದ ಬೆಂಚಿನ ಮೇಲೆ, ಕೈಚೀಲವನ್ನೇ ಮೇಜು ಮಾಡಿಕೊಂಡು ಕುಳಿತಿದ್ದೇನೆ. ಊರಿಗೆ ಹೋಗುವ ತಾಂಬಾದ ಬಸ್ಸು ಇನ್ನೂ ಬಂದಿಲ್ಲ. ಪಕ್ಕದಲ್ಲಿ ರೇವವ್ವ ಮುಖಕ್ಕೆ ಸೆರಗು ಹೊದ್ದು ನಿದ್ದೆ ಮಾಡುತ್ತಿದ್ದಾಳೆ. ಈಗಷ್ಟೇ ಅವಳೇ ನನಗೆ ಚಹಾ ಕುಡಿಸಿದಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರಿಸದೆ ಇಟ್ಟುಬಿಟ್ಟೆ. ಅವಸರದಲ್ಲಿ ಆಡುವ ಮಾತು ಅದಲ್ಲ. ನನ್ನ ಖಾತೆಯನ್ನು ನಿನ್ನ ಫೋನಿಗೆ ಜೋಡಿಸಿದರೆ ಅಂಗಡಿಯವರಿಗೆ ಅಲ್ಲಿಂದಲೇ ಹಣ ಕಳುಹಿಸುವೆ, ಬೇಕಾದದ್ದನ್ನು ನಾನು ಹೇಳಿದರೆ ಸಾಕು ಎಂದು ನೀನಂದೆ. ನಿನ್ನ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಾಲಿನವಳಿಗೆ, ಅಂಗಳ ಗುಡಿಸುವವಳಿಗೆ ಕೊಡುವ ಒಂದೊಂದು ನೋಟಿಗೂ ಮಗಳಿಗೆ ಕರೆ ಮಾಡಿ ಕಾಯುವುದು ನನ್ನಿಂದಾಗದು. ನಿನ್ನ ತಂದೆಯವರ ಕೈಗೂ ನಾನು ಸಂಬಳ ಒಪ್ಪಿಸಿದವಳಲ್ಲ. ಅದು ನಿನಗೆ ಗೊತ್ತು. ನನ್ನ ಪಿಂಚಣಿ ನನ್ನ ಕೈಯಿಂದಲೇ ಖರ್ಚಾಗಬೇಕು.

ಊರಿನ ಎಟಿಎಮ್ಮಿನ ಬಾಗಿಲಿಗೆ ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಕಾಗದವನ್ನು ಕಳೆದ ಶ್ರಾವಣದಲ್ಲಿ ಅಂಟಿಸಿದರು. ಬಿಸಿಲಿಗೆ ಮೊದಲ ಪದ ಅಳಿಸಿಹೋಗಿ ‘ಮುಚ್ಚಲಾಗಿದೆ’ ಮಾತ್ರ ಉಳಿದಿದೆ. ಜೀವಮಾನವಿಡೀ ಕನ್ನಡ ಕಲಿಸಿದವಳಾಗಿ ಹೇಳುತ್ತೇನೆ, ವಾಕ್ಯ ಈಗ ಸರಿಯಾಗಿದೆ. ಅಷ್ಟರಲ್ಲಿ ನನ್ನ ಕಾರ್ಡಿನ ಅವಧಿಯೂ ಮುಗಿಯಿತು.

ಇನ್ನು ಉಳಿದದ್ದು ಧರೆಪ್ಪನ ಕಿರಾಣಿ ಅಂಗಡಿ. ಅವನು ಬ್ಯಾಂಕಿನ ಪರವಾಗಿ ಪುಟ್ಟ ಯಂತ್ರವೊಂದರ ಮೇಲೆ ಜನರ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಾನೆ. ನೆಟ್‌ವರ್ಕ್ ಇದ್ದರೆ, ಗಲ್ಲೆಯಲ್ಲಿ ನೋಟುಗಳಿದ್ದರೆ, ಅವನಿಗೆ ಮನಸ್ಸಿದ್ದರೆ. ನಾನು ಚೆಕ್ಕು ಹಿಡಿದು ಹೋದಾಗ ನಕ್ಕುಬಿಟ್ಟ. “ಅಕ್ಕೋರ, ನಿಮ್ಮ ಸಹಿ ಭಾಳ ಛಂದ ಐತ್ರಿ, ಫ್ರೇಮ್ ಹಾಕಿಸಿ ಗ್ವಾಡಿಗಿ ತೂಗಹಾಕೂಣ್ರಿ. ಮಷೀನಿಗಿ ಬೆರಳ ಬೇಕ್ರಿ,” ಎಂದ. ಚೆಕ್ಕು ಮಡಚಿಕೊಂಡು ಹಿಂದಿರುಗಿದೆ.

ನಿನಗೆ ನೆನಪಿರಬೇಕು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಇದೇ ಊರಿನ ಹೆಂಗಸರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ ಸಹಿ ಕಲಿಸಿದೆ. ನೀನು ಬಳಪ ಹಂಚುತ್ತಿದ್ದೆ. ಇನ್ನು ಸಾಯುವವರೆಗೆ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಅವರಿಂದ ಆಣೆ ಮಾಡಿಸಿದವಳು ನಾನು. ಆ ಆಣೆಯನ್ನು ಇಡೀ ಊರು ಮರೆತರೂ ರೇವವ್ವ ಮರೆಯಲಿಲ್ಲ. ವೃದ್ಧಾಪ್ಯ ವೇತನಕ್ಕೆ ಧರೆಪ್ಪ ಬೆರಳು ಕೇಳಿದ ದಿನ ಅವಳು ನೇರವಾಗಿ ನಮ್ಮ ಬಾಗಿಲಿಗೆ ಬಂದಳು. “ಅಕ್ಕೋರ, ನೀವ ಬ್ಯಾಡಂದಿದ್ರಿ. ಈಗ ಇಂವ ಬೇಕಂತಾನ. ಒತ್ಲೇನ್ರಿ?” ಎಂದು ಕೇಳಿದಳು. ಪರವಾನಗಿ ಕೊಟ್ಟೆ. ಆದರೆ ರೊಟ್ಟಿ ಬಡಿದು ಬಡಿದು ಸವೆದ ಆ ಬೆರಳನ್ನು ಯಂತ್ರ ಒಪ್ಪಲಿಲ್ಲ. ಕಲಿತ ಸಹಿಯೂ ಅವರಿಗೆ ಬೇಡ, ಹುಟ್ಟಿನಿಂದ ಬಂದ ಬೆರಳೂ ಬೇಡ.

ಹೀಗಾಗಿ ಇಂದು ಇಬ್ಬರೂ ಸಿಂದಗಿಯ ಶಾಖೆಗೆ ಬಂದೆವು. ಚೀಟಿಗೆ ಸಹಿ ಮಾಡಿ ರೇವವ್ವ ತನ್ನ ಹಣ ಪಡೆದಳು. ಖುಷಿಪಟ್ಟಳೆಂದು ತಿಳಿಯಬೇಡ. “ಬಸ್ ಪುಕ್ಕಟ ಐತ್ರಿ, ಆದ್ರ ಜ್ವಾಳದ ಸುಗ್ಗಿಯೊಳಗ ಒಂದಿನದ ಕೂಲಿ ಹೋತಲ್ರಿ. ನಮ್ಮ ರೊಕ್ಕ ತರಾಕ ನಾವ ರೊಕ್ಕ ಕಳಕೊಂಡ್ವಿ,” ಎಂದು ಗೊಣಗಿದಳು.

ನನ್ನ ಕೆಲಸ ಇಂದು ಆಗಲಿಲ್ಲ. ಸರದಿ ಬಹಳ ಉದ್ದವಿತ್ತು. ಕಾದು ಬೇಸತ್ತು ಹೊರಬಂದೆ. ಶಿವರಾತ್ರಿ ಮುಗಿದ ಮೇಲಿನ ಸೋಮವಾರ ಮತ್ತೆ ಬರುತ್ತೇನೆ. ಅದಕ್ಕಾಗಿ ನೀನು ರಜೆ ಹಾಕಬೇಕಿಲ್ಲ. ಬರಬೇಡ. ಇಷ್ಟು ವರ್ಷ ಒಬ್ಬಳೇ ಮಾಡಿದ ಕೆಲಸವನ್ನು ಈಗಲೂ ಮಾಡಬಲ್ಲೆ. ಸ್ವಲ್ಪ ದಣಿವು, ಅಷ್ಟೇ.

ಸದಾ ನಿನ್ನ ಹಿತ ಬಯಸುವ ಅವ್ವ,
ಸಾವಿತ್ರವ್ವ

ತಾ. ಕ.: ಮನೆಗೆ ಬಂದು, ಮೇಜಿನ ಮೇಲೆ ಹಾಳೆಯಿಟ್ಟು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಮೇಲಿನಂತೆಯೇ ಓರೆಯಾಗಿದೆ, ತಪ್ಪು ಬೆಂಚಿನದಾಗಿರಲಿಲ್ಲ. ಸರದಿಯೂ ಉದ್ದವಿರಲಿಲ್ಲ. ನನ್ನ ಸಹಿ ಹೊಂದುತ್ತಿಲ್ಲವೆಂದು ಚೀಟಿ ತಿರುಗಿ ಕೊಟ್ಟರು. ಮತ್ತೆ ಮಾಡಿದೆ, ಮತ್ತೆ ತಿರುಗಿ ಬಂತು. ಹೊಸ ಕಾರ್ಡಿಗೂ ಅದೇ ಹಳೆಯ ಸಹಿಯೇ ಬೇಕಂತೆ. ಕೈ ನಡುಗಲು ತೊಡಗಿ ಬಹಳ ದಿನಗಳಾದವು, ನಿನಗೆ ಹೇಳಿರಲಿಲ್ಲ. ಕಿಟಕಿಯಾಚೆಯ ಹುಡುಗಿ ಸೌಜನ್ಯದಿಂದಲೇ, “ಅಮ್ಮಾರ, ಬರಿಯಾಕ ಆಗವಲ್ದಂದ್ರ ಹೆಬ್ಬೆಟ್ಟ ಒತ್ರಿ. ನಿಮ್ಮನ್ನ ಬಲ್ಲವರು ಇಬ್ಬರು ಸಾಕ್ಷಿ ಸಹಿ ಮಾಡ್ಲಿ,” ಎಂದಳು. ಇಡೀ ಶಾಖೆ ಕೇಳಿಸಿಕೊಂಡಂತಾಯಿತು. ಹೊರಗೆ ಬಂದುಬಿಟ್ಟೆ.

ಹಿಂದೆಯೇ ಬಂದ ರೇವವ್ವ ನನ್ನ ಕೈ ಹಿಡಿದುಕೊಂಡಳು. “ಅವತ್ತ ನಾ ನಿಮ್ಮನ್ನ ಕೇಳಿದ್ನಿಲ್ರಿ? ಇವತ್ತ ನಾ ಪರವಾನಿಗಿ ಕೊಟ್ಟೇನಿ. ಒತ್ರಿ ಅಕ್ಕೋರ. ನಾ ಸಹಿ ಮಾಡ್ತೇನಿ, ನೀವ ಕಲಿಸಿದಂಗ ಸಾವಕಾಶ, ಗೆರಿ ಮ್ಯಾಲ,” ಎಂದಳು. ಅವಳೇ ಚಹಾ ತರಿಸಿದಳು. ಚಹಾ ಕುಡಿದೆ.

ಸಾಕ್ಷಿಗೆ ಇಬ್ಬರು ಬೇಕು. ಒಬ್ಬಳು ರೇವವ್ವ. ‘ಬರಬೇಡ’ ಎಂದು ಮೇಲೆ ಬರೆದದ್ದರ ಮೇಲೆ ನೇರವಾದ ಒಂದು ಗೆರೆ ಎಳೆಯಲು ನನ್ನಿಂದಾಗುತ್ತಿಲ್ಲ, ಎಳೆದಿದ್ದೇನೆಂದೇ ಓದಿಕೊ.