ಹದಿನೇಳನೇ ಮನೆಯ ಬಾಗಿಲಿಗೆ ಸಿಕ್ಕಿಕೊಂಡ ನಾಣ್ಯ

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ನಮ್ಮ ಬಡಾವಣೆಯ ಕೊನೆಯಲ್ಲಿರುವ ಜೌಗು ತಗ್ಗಿನಲ್ಲಿ ಅರವತ್ತನಾಲ್ಕು ಮನೆ ಕಟ್ಟಲು ತಾವು ಅನುಮತಿ ಕೊಟ್ಟಿದ್ದೀರಿ. "ಭೂಮಿ ಒಣಗಿದ್ದು ವಾಸಕ್ಕೆ ಯೋಗ್ಯವಾಗಿದೆ" ಎಂದು ಸ್ಥಳ ಪರಿಶೀಲನಾ ವರದಿಯಲ್ಲಿ ಬರೆದು ಸಹಿ ಹಾಕಿದ್ದೀರಿ. ಆ ಸಾಲು ಸುಳ್ಳು. ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ತಾವು ಪರಿಶೀಲನೆಗೆ ಬಂದ ದಿನ ಜೀಪಿನಿಂದ ಶೆಡ್ಡಿನವರೆಗೆ ಹಲಗೆ ಹಾಸಿದವನು ನಾನೇ. "ಸಾಹೇಬರ ಬೂಟು ಒದ್ದೆ ಆಗಬಾರದು, ಒಂದೆರಡು ಹಲಗೆ ಹಾಕಪ್ಪ" ಎಂದಿದ್ದರು ಮೇಸ್ತ್ರಿ. ಒಂದೆರಡು ಸಾಲಲಿಲ್ಲ, ಒಂಬತ್ತು ಬೇಕಾದವು. ತಾವು ಅದರ ಮೇಲೆ ನಡೆದುಹೋಗಿ, ಚಹಾ ಕುಡಿದು, ಅದರ ಮೇಲೆಯೇ ವಾಪಸಾದಿರಿ. ವರದಿಯಲ್ಲಿ ತಾವು ಬಣ್ಣಿಸಿರುವುದು ನನ್ನ ಹಲಗೆಯನ್ನು, ಸ್ವಾಮಿ.

ನಾನು ಬಡಗಿ. ಮೂವತ್ತೊಂದು ವರ್ಷದಿಂದ ಬಾಗಿಲು ಕೂರಿಸುವುದೇ ಕಸುಬು. ಮನೆ ಕಟ್ಟಬೇಡಿ ಎಂದು ಹೇಳಿದರೆ ನನ್ನ ಹೊಟ್ಟೆಗೆ ನಾನೇ ಹೊಡೆದುಕೊಂಡಂತೆ. ಆ ಅರವತ್ತನಾಲ್ಕು ಮನೆಗಳ ಬಾಗಿಲುಗಳನ್ನೂ ನಾನೇ ಕೂರಿಸಿದ್ದೇನೆ. ಜೌಗು ಉಳಿಯಲಿ ಎಂದು ಬೀದಿಯವರು ಸಭೆಯಲ್ಲಿ ಎದ್ದು ನಿಂತಾಗ, ಹಕ್ಕಿ ನೋಡುವವರಿಗೆ ಮನೆಯಿಲ್ಲದವರ ಕಷ್ಟ ಹೇಗೆ ಗೊತ್ತಾಗಬೇಕು ಎಂದು ತಾವು ಕೇಳಿದಿರಿ. ಎದ್ದವರು ಒಬ್ಬೊಬ್ಬರಾಗಿ ಕೂತರು. ನಾನಂತೂ ಚಪ್ಪಾಳೆ ತಟ್ಟಿದೆ, ಯಾಕೆಂದರೆ ಹದಿನೇಳನೇ ಮನೆ ನನ್ನ ಮಗಳಿಗೆ ಮಂಜೂರಾಗಿತ್ತು. ಆ ಚಪ್ಪಾಳೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ನನ್ನ ಅಕ್ಕನ ಮನೆ ಆ ತಗ್ಗಿನ ಅಂಚಿಗೇ ಇದೆ. ಮೊದಲೆಲ್ಲ ಬೀದಿಯ ಮಳೆನೀರು ಹರಿದು ಜೌಗಿಗೆ ಸೇರಿ, ಅಲ್ಲೇ ನಿಂತು, ನಿಧಾನಕ್ಕೆ ಇಂಗುತ್ತಿತ್ತು. ಅವಳ ಮನೆಯ ಬಾಗಿಲು ಊದಿ ಚೌಕಟ್ಟಿಗೆ ಹಿಡಿಯುತ್ತಿದ್ದದ್ದು ಮಳೆಗಾಲದಲ್ಲಿ ಮಾತ್ರ. ವರ್ಷಕ್ಕೊಮ್ಮೆ ಹೋಗಿ ಅಂಚು ಹೆರೆದು ಬರುತ್ತಿದ್ದೆ. ಲಾರಿಗಟ್ಟಲೆ ಮಣ್ಣು ಸುರಿದು ಜೌಗು ಮುಚ್ಚಿದಿರಿ. ಅಲ್ಲಿದ್ದ ನೀರಿಗೆ ಬೇರೆ ಮನೆ ಮಂಜೂರು ಮಾಡಿದ್ದೀರಾ? ಈ ಬೇಸಿಗೆಯಲ್ಲೇ ಅಕ್ಕನ ಕಡೆಯಿಂದ ಮೂರು ಸಲ ಫೋನ್ ಬಂತು. ಮೂರನೇ ಸಲ ಮಾಡಿದ್ದು ಪಕ್ಕದ ಮನೆಯವರು. ಸ್ನಾನಕ್ಕೆಂದು ಒಳಗೆ ಹೋದವಳಿಗೆ ಬಚ್ಚಲ ಬಾಗಿಲು ತೆಗೆಯಲು ಬರದೆ, ಮಗ್ಗಿನಿಂದ ಬಾಗಿಲು ಬಡಿಯುತ್ತಿದ್ದಳಂತೆ. ನಾನು ಉಳಿ ಹಾಕಿ ಚೌಕಟ್ಟು ಸೀಳಿ ಒಳಗೆ ಹೋದರೆ, ನೀರು ಅವಳ ಕಾಲಿನ ಹರಡು ಮುಚ್ಚಿತ್ತು. ಹೊರಗೆ ಸುಡುವ ಬಿಸಿಲು. "ನಲ್ಲಿ ನಿಲ್ಸಿದೀನಿ ಕಣೋ," ಅಂದಳು. "ಬಚ್ಚಲ ಕಿಂಡಿಯಿಂದ ಮೇಲಕ್ಕೆ ಬರ್ತಿದೆ." ಅವತ್ತಿನಿಂದ ಅಕ್ಕ ಯಾವ ಬಾಗಿಲನ್ನೂ ಪೂರ್ತಿ ಹಾಕಿಕೊಳ್ಳುವುದಿಲ್ಲ. ತಮ್ಮ ಕಚೇರಿಗೆ ದೂರು ಕೊಟ್ಟೆವು. "ಋತುಮಾನದ ತೇವಾಂಶ" ಎಂಬ ಉತ್ತರ ಬಂತು. ಯಾವ ಋತು ಎಂದು ಮಾತ್ರ ಅದರಲ್ಲಿ ಇರಲಿಲ್ಲ.

ಬಾಗಿಲು ಕೂರಿಸಿದ ಮೇಲೆ ನಾನು ಅದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಒಂದು ನಾಣ್ಯ ಇಟ್ಟು ಸುತ್ತ ಎಳೆಯುತ್ತೇನೆ. ನಾಣ್ಯ ಎಲ್ಲೂ ತಡೆಯದೆ ಓಡಿದರೆ ಕೆಲಸ ಮುಗಿಯಿತು. ನಾಲ್ಕು ತಿಂಗಳ ಹಿಂದೆ ಅರವತ್ತನಾಲ್ಕು ಮನೆಗಳಲ್ಲೂ ಓಡಿತ್ತು. ಕಳೆದ ವಾರ ಚಿಲಕ ಕೂರಿಸಲೆಂದು ಮಗಳ ಮನೆಗೆ ಹೋದೆ. ಇನ್ನೂ ಯಾರೂ ಒಂದು ಚೊಂಬು ನೀರು ಚೆಲ್ಲದ ಮನೆ. ಮಲಗುವ ಕೋಣೆಯ ಬಾಗಿಲು ಎಳೆದುಕೊಂಡು ಅದೇ ನಾಣ್ಯ ತೂರಿಸಿದೆ. ಗೇಣುದ್ದ ಹೋಗಿ ಚೌಕಟ್ಟಿನ ಮರಕ್ಕೆ ಕಚ್ಚಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಬಾಗಿಲು ತೆಗೆದರೂ ಬೀಳದು. ಸುಮ್ಮನೆ ನಿಂತಾಗ ನೆಲದಡಿಯಿಂದ ಯಾರೋ ಗುಟುಕರಿಸಿದಂತೆ ಸದ್ದು ಕೇಳಿಸಿತು. ಪಕ್ಕದ ನಾಲ್ಕು ಮನೆ ನೋಡಿದೆ. ಅಲ್ಲೂ ಬಾಗಿಲುಗಳು ಕೆಳಗಿನಿಂದ ಊದಿಕೊಂಡು ಬರುತ್ತಿವೆ. ನನಗೆ ಭಯವಾಯಿತು.

ಮಗಳಿಗೆ ಹೇಳಿದೆ. "ಅಪ್ಪಾ, ಬಾಡಿಗೆ ಮನೇಲಿ ಇದ್ದು ಇದ್ದು ಸಾಕಾಗಿದೆ. ಬಾಗಿಲು ಹಿಡಿದ್ರೆ ನೀವೇ ಬಂದು ಹೆರೆದುಕೊಡಿ, ಅಷ್ಟೇ ತಾನೆ?" ಅಂದಳು. ಅವಳ ತಪ್ಪೇನಿಲ್ಲ. ಅವಳ ಕೈಯಲ್ಲಿ ಸರ್ಕಾರಿ ಮೊಹರು ಬಿದ್ದ ವರದಿಯಿದೆ, ನನ್ನ ಕೈಯಲ್ಲಿ ಒಂದು ನಾಣ್ಯವೂ ಇಲ್ಲ. ಮೊಹರು ನೋಡಿ ನಂಬುವ ಎಷ್ಟು ಮಂದಿಯನ್ನು ತಾವು ಆ ತಗ್ಗಿಗೆ ಇಳಿಸಲಿದ್ದೀರಿ ಎಂದು ಲೆಕ್ಕ ಹಾಕಿದ್ದೀರಾ?

ಸೋಮವಾರ ಕೀಲಿಕೈ ಹಂಚುವ ಸಮಾರಂಭವಂತೆ. ಅದನ್ನು ನಿಲ್ಲಿಸಿ. ಬೀದಿಯವರ ಎದುರಿಗೆ ನೆಲ ಅಗೆಸಿ, ನೀರು ಎಷ್ಟು ಅಡಿಯಲ್ಲಿದೆ ಎಂದು ತೋರಿಸಿ. ಅದಕ್ಕೂ ಮೊದಲು ತಾವೇ ಹದಿನೇಳನೇ ಮನೆಗೆ ಬಂದು ಆ ನಾಣ್ಯವನ್ನು ಕೈಯಿಂದ ಎಳೆದು ತೆಗೆಯಿರಿ. ನಾಣ್ಯ ಕೈಗೆ ಬಂದರೆ, ಈ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಬಾರದಿದ್ದರೆ, ವರದಿಯ ಆ ಸಾಲನ್ನು ಹೊಡೆದುಹಾಕಿ ಅದರ ಕೆಳಗೂ ಒಂದು ಸಹಿ ಹಾಕಿ.

ತಡ ಮಾಡಬೇಡಿ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಆ ಕೋಣೆಯ ಬಾಗಿಲು ಈಗ ತೆರೆಯುವುದೇ ಇಲ್ಲ. ಮಗಳು ನಿನ್ನೆಯೇ, ಕೆಲಸಕ್ಕೆಂದು ನನಗೆ ಕೊಟ್ಟಿದ್ದ ಕೀಲಿ ಇಸಿದುಕೊಂಡು ಬಂದು, ತನ್ನ ಕೂಸಿನ ಖಾಲಿ ತೊಟ್ಟಿಲನ್ನು ಒಳಗಿಟ್ಟು, ಬಾಗಿಲೆಳೆದುಕೊಂಡು ಹೋಗಿದ್ದಾಳೆ. ಬರುವಾಗ ಹಳೆಯ ಬೂಟು ಹಾಕಿಕೊಂಡು ಬನ್ನಿ. ಈ ಸಲ ನಾನು ಹಲಗೆ ಹಾಸುವುದಿಲ್ಲ.

ಇಂತಿ,
ಅವತ್ತು ಒಂಬತ್ತು ಹಲಗೆ ಹಾಸಿ ಸುಮ್ಮನೆ ನಿಂತಿದ್ದ ಬಡಗಿ