ಭಾವನ ಉಪವಾಸ, ಗವಿಯ ಉಸಿರು

೪ ಮಾರ್ಚ್ ೧೯೩೬, ಬುಧವಾರ. ಮಧುಗಿರಿ

ಇವತ್ತೂ ಪ್ರಬಂಧ ತಿದ್ದಿದ್ದೇ ಆಯಿತು. ವಿಷಯ — ‘ನಮ್ಮ ಊರಿನ ಬೆಟ್ಟ’. ಇಡೀ ಕ್ಲಾಸು ಬೆಟ್ಟ ಎತ್ತರವಾಗಿದೆ ಎಂದು ಬರೆದಿದೆ. ಒಬ್ಬನೇ ಒಬ್ಬ ‘ಅಷ್ಟೇನೂ ಇಲ್ಲ’ ಎಂದಿದ್ದಾನೆ. ಅವನಿಗೆ ಹೆಚ್ಚು ಮಾರ್ಕು ಕೊಟ್ಟೆ. ಧೈರ್ಯಕ್ಕೆ.

ಅಕ್ಕ ಹೇಳಿಕಳಿಸಿದ್ದಾಳೆ, ಭಾನುವಾರ ಹೊಳವನಹಳ್ಳಿಗೆ ಬಾ ಎಂದು. ಭಾವ ಮಲ್ಲಿಕಾರ್ಜುನಯ್ಯನವರಿಗೆ ನನ್ನನ್ನು ಸಿದ್ದರಬೆಟ್ಟ ಹತ್ತಿಸುವ ಆಸೆಯಂತೆ. ಅವರಿಗೆ ನಾನು ಮನಸ್ಸಿನಲ್ಲೇ ಕೊಟ್ಟ ಬಿರುದು:

ಮಾತಿನಲ್ಲಿ ಮೀಸೆ,
ಹೊಟ್ಟೆಯಲ್ಲಿ ದೋಸೆ.

ಗೊತ್ತಾದರೆ ಮೊದಲನೆಯ ಸಾಲಿಗೆ ಸಿಟ್ಟಾದಾರು. ಎರಡನೆಯದಕ್ಕೆ ಇನ್ನೆರಡು ಹಾಕಿಸಿಕೊಂಡಾರು.

೮ ಮಾರ್ಚ್, ಭಾನುವಾರ, ಸಂಜೆ. ಹೊಳವನಹಳ್ಳಿ

ಅಕ್ಷರ ಸೊಟ್ಟಗಾಗುತ್ತಿದೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಬೆಟ್ಟಕ್ಕೆ ಹೊರಟೆವು. ಭಾವ, ನಾನು, ದಾರಿ ತೋರಿಸಲು ಬೋರಯ್ಯ — ಬೆಟ್ಟದಲ್ಲಿ ಬೇರು ಕಿತ್ತು ಸಂತೆಯಲ್ಲಿ ಮಾರುವವನು. ಅವನ ಬಾಯಲ್ಲಿ ದಾರಿಯುದ್ದಕ್ಕೂ ‘ಉಸಿರುಗವಿ’ಯ ಕಥೆ. ಬಂಡೆಯ ಮೇಲೊಂದು ಬಿರುಕು ಇದೆ. ಕಿವಿಯಿಟ್ಟರೆ ಕೆಳಗೆ ಏನೋ ಉಸಿರಾಡುವುದು ಕೇಳುತ್ತದೆ.

“ಒಳೀಕೈತೆ ಮೇಷ್ಟ್ರೆ. ಮೈಯೆಲ್ಲಾ ಕೂದ್ಲು. ನಮ್ಮಪ್ಪನ ಮೇಕೇನ ನುಂಗ್ಬುಡ್ತು, ಕೊಳ್ಳಾಗಿನ ಗಂಟೆ ಸಮೇತ.”

“ಕರಡಿ ಇರಬಹುದಲ್ಲವೇನಯ್ಯ?” ಎಂದೆ.

“ಕರ್ಡಿ ಆದ್ರೆ ನಂಗ್ ತಿಳಿಯಾಕಿಲ್ವಾ? ಇದು ಬ್ಯಾರೆ. ಒಳ್ಳೇರ್ಗೆ ಸಿದ್ದ್ರು, ಕೆಟ್ಟೋರ್ಗೆ ಭೂತ.”

“ಆ ಮೇಕೆ ಏನ್ಲಾ ಕೆಟ್ಟದ್ ಮಾಡಿತ್ತು?” ಎಂದರು ಭಾವ.

ಅಷ್ಟರಲ್ಲಿ ಆ ಬಿರುಕಿನ ಬಳಿ ಬಂದಿದ್ದೆವು. ಭಾವನಿಗೆ ಹುರುಪು ಬಂತು. ಬಿರುಕಿನ ಮೇಲೆ ಬಾಗಿ, ತಲೆಯನ್ನೇ ಒಳಗಿಟ್ಟು ಕೂಗಿದರು — “ಯಾವನ್ಲಾ ಅವ್ನು ಒಳ್ಗೆ? ಬಾರ್ಲಾ ಈಚೆಗೆ!”

ಉತ್ತರ ಬಂತು. ಮಾತಲ್ಲ. ಕುಲುಮೆಯ ತಿದಿಯನ್ನು ಯಾರೋ ಸಿಟ್ಟಿನಿಂದ ಒತ್ತಿದ ಹಾಗೆ ಒಂದು ಭುಸ್. ಭಾವ ಹಿಂದಕ್ಕೆ ನೆಗೆದರು. ಕೊರಳಿನ ಶಿವದಾರ ಕಲ್ಲಿನ ಚೂಪಿಗೆ ಸಿಕ್ಕಿ ಪಟ್ಟನೆ ಹರಿಯಿತು. ಬೆಳ್ಳಿಯ ಕರಡಿಗೆ, ಒಳಗಿದ್ದ ಇಷ್ಟಲಿಂಗದೊಂದಿಗೆ, ಬಿರುಕಿನೊಳಕ್ಕೆ. ಠಣ್... ಠಣ್... ಬಹಳ ಕೆಳಗೆ ಇನ್ನೊಂದು ಠಣ್.

ಅಷ್ಟು ದೊಡ್ಡ ಮನುಷ್ಯ, ಬರಿಯ ಎದೆಯನ್ನು ತಡವಿಕೊಳ್ಳುತ್ತಾ ನಿಂತುಬಿಟ್ಟರು.

ಮನೆಗೆ ಬಂದರು, ಎಲೆಯ ಮುಂದೆ ಕೂರಲಿಲ್ಲ. ಮೈಮೇಲೆ ಲಿಂಗವಿಲ್ಲದೆ ನಮ್ಮಲ್ಲಿ ಅನ್ನ ಹಾಗಿರಲಿ, ನೀರೂ ಮುಟ್ಟುವಂತಿಲ್ಲ. ನಿಯಮ ಎಲ್ಲರಿಗೂ ಗೊತ್ತು. ಆದರೆ ಈ ನಿಯಮ ಭಾವನವರ ಹೊಟ್ಟೆಯ ಎದುರಿಗೆ ನಿಂತದ್ದನ್ನು ಇವತ್ತೇ ನೋಡಿದ್ದು. ನಿಯಮವೇ ಗೆದ್ದಿತು.

೯ ಮಾರ್ಚ್, ಸೋಮವಾರ

ಹೆಡ್ ಮಾಸ್ಟರಿಗೆ ಲೀವು ಬೇಕೆಂದು ಹೇಳಿಕಳಿಸಿದೆ. ಕಾರಣ, ‘ಗೃಹಕೃತ್ಯ’. ಭೂತ ಎಂದರೆ ಅರ್ಧ ದಿನವೂ ಸಿಕ್ಕದು.

ಮಠದ ಅಯ್ಯನವರು ಬಂದಿದ್ದರು. “ಹುಡುಕಿ, ಸಿಗದಿದ್ದರೆ ನಾನೇ ಬೇರೆ ಲಿಂಗ ಧಾರಣೆ ಮಾಡಿಸ್ತೀನಿ, ಜೀವ ಮುಖ್ಯ” ಎಂದರು. ಭಾವ ಕೈ ಮುಗಿದರು. ಒಪ್ಪಲಿಲ್ಲ. ಅಯ್ಯನವರು ಹೋದ ಮೇಲೆ ನನಗೆ ಹೇಳಿದರು — “ನಾನು ಹುಟ್ಟಿದಾಗ ಕಟ್ಟಿದ್ದು ಕಣಯ್ಯ. ಇಷ್ಟು ವರ್ಷ ನನ್ ಎದೆ ಮೇಲೇ ಇತ್ತು. ಅದು ಕತ್ಲೇಲಿ ಬಿದ್ದಿರೋವಾಗ ನಾನು ಬೇರೆ ಕಟ್ಕೊಂಡು ಸಾರು ಕಲಸ್ಕೊಂಡು ಉಣ್ಲಾ?”

ನಾನು ಹೋಗಿ ಹುಡುಕುತ್ತೇನೆ ಎಂದೆ. ಅದೂ ಆಗದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಭಾವನೇ ಗವಿಗೆ ಇಳಿಯಬೇಕು. ಇವತ್ತೇ ಹೋಗೋಣವೆಂದರೆ ಬೋರಯ್ಯ ಬಾಗಿಲು ಹಾಕಿಕೊಂಡು ಜ್ವರ ಎಂದ. ಅಕ್ಕ ಚನ್ನಮಲ್ಲಮ್ಮ ಅವನ ಮನೆ ಮುಂದೆ ನಿಂತು ಮಾತಾಡಿದಳು. ಜ್ವರ ಬಿಟ್ಟಿತು. ಆದರೆ ನಾಳೆಗೆ.

ಅಕ್ಕನೂ ಉಂಡಿಲ್ಲ. “ಅವ್ರು ಉಣ್ಣೋಗಂಟ ನಂಗೆ ಇಳಿಯಾಕಿಲ್ಲ ಬುಡು. ನೀನ್ ಉಣ್ಣು, ನಾಚ್ಕೋಬ್ಯಾಡ” ಎಂದಳು. ನಾಚಿಕೊಂಡೇ ಉಂಡೆ. ಅಡಿಗೆಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ. ಎರಡನೆಯ ಮುದ್ದೆ ಮುರಿಯುವಾಗ ಪಡಸಾಲೆಯಿಂದ ಭಾವನ ದನಿ ತೇಲಿಬಂತು — “ಸೊಪ್ಪಿನ ಸಾರೇನಯ್ಯ?” ಮುರಿದದ್ದನ್ನು ತಟ್ಟೆಗೇ ಇಟ್ಟು ಕೈ ತೊಳೆದೆ.

೧೦ ಮಾರ್ಚ್, ಮಂಗಳವಾರ, ಬೆಳಿಗ್ಗೆ

ಭಾವನ ತುಟಿ ಒಡೆದಿದೆ. ಮಾತು ಕಡಿಮೆ, ಅದೇ ಹೆದರಿಕೆ. ಇವತ್ತು ಸಿಕ್ಕದಿದ್ದರೆ ನಾಳೆ ಬೆಟ್ಟ ಹತ್ತುವ ಶಕ್ತಿ ಇರುವುದಿಲ್ಲ. ನನಗೂ ಗೊತ್ತು, ಅಕ್ಕನಿಗೂ ಗೊತ್ತು.

ಅಕ್ಕ ಗಂಟೊಂದು ಕೊಟ್ಟಳು. ಹೋಳಿಗೆ, ಬಾಳೆಹಣ್ಣು. ಹಸಿದ ಹೊಟ್ಟೆಯಲ್ಲಿ ಬೆಳಗಿನ ಜಾವವೇ ಎದ್ದು ತಟ್ಟಿದ್ದು.

“ಸಿಕ್ಕೇಟ್ಗೆ ಅಲ್ಲೇ ಪೂಜೆ ಮಾಡ್ಲಿ, ಅಲ್ಲೇ ಉಣ್ಲಿ. ಮನೆಗಂಟ ಕಾಯ್ಬ್ಯಾಡ್ರಿ. ಲೋ ಪರ್ವತ, ದಾರೀಲಿ ಬಿಚ್ಚೀಯ!”

“ನಾನ್ಯಾಕಕ್ಕ ಬಿಚ್ಚಲಿ?”

“ನಿನ್ ಕಾಣೆನಾ.”

ಅದೇ ದಿನ, ಮಧ್ಯಾಹ್ನ. ಗವಿಯೊಳಗೆ

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಮೇಲಿನ ಬಿರುಕಿನಿಂದ ಒಂದು ಕೋಲು ಬಿಸಿಲು ಬೀಳುತ್ತಿದೆ. ಬರೆಯದಿದ್ದರೆ ಕಿರುಚಿಕೊಂಡೇನು.

ಬಿರುಕಿನಿಂದ ಕೆಳಗೆ, ಬೆಟ್ಟದ ಮಗ್ಗುಲಲ್ಲಿ ಬೋರಯ್ಯ ತೋರಿಸಿದ ಪೊದೆ ಸರಿಸಿ ಗವಿಯ ಕಿಂಡಿಯೊಳಗೆ ನುಗ್ಗಿದೆವು. ಅಂಬೆಗಾಲು. ಮುಂದೆ ಲಾಟೀನು ಹಿಡಿದ ಭಾವ, ನಡುವೆ ಗಂಟು ಹಿಡಿದ ನಾನು, ಕೊನೆಗೆ ಬೋರಯ್ಯ. ಬಾವಲಿಗಳ ನಾತ.

ಮುಂದೆ ಭಾವನ ಬೆನ್ನು,
ಹಿಂದೆ ಬಾವಲಿಯ ಕಣ್ಣು.

ಪದ್ಯ ಮುಂದುವರಿಯಲಿಲ್ಲ. ಭಾವ ನಡುವೆ ಸಿಕ್ಕಿಕೊಂಡರು. “ಹಸ್ಕೊಂಡಿದ್ರೂ ಇಷ್ಟ್ ದಪ್ಪ ಇದೀರಲ್ಲ ಯಜಮಾನ್ರೆ” ಎಂದ ಬೋರಯ್ಯ. ಇಬ್ಬರೂ ಸೇರಿ ತಳ್ಳಿದೆವು. ಬಿರಡೆ ಕಿತ್ತಂತೆ ಈ ಕೋಣೆಯೊಳಕ್ಕೆ ಬಿದ್ದರು.

ನೆಲ ಹುಡುಕಿದೆವು, ಗೋಡೆ ಹುಡುಕಿದೆವು. ಇಲ್ಲ. ಬಂಡೆಯ ಬುಡಕ್ಕೆ ಕೈ ಹಾಕಿ ನೋಡೋಣ, ಮಲಗಿಕೊಳ್ಳಿ ಎಂದೆ. “ಮಲಗಿದ್ರೆ ಏಳಕ್ಕಾಗಲ್ಲ ಕಣಯ್ಯ” ಎಂದು ಭಾವ ಕಲ್ಲಿಗೆ ಒರಗಿದರು. ಕಣ್ಣು ಮುಚ್ಚಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಭೂತದ್ದಲ್ಲ.

ಭೂತದ ಸರದಿ ಆಮೇಲೆ ಬಂತು. ಒಳಗತ್ತಲೆಯಿಂದ ಅದೇ ತಿದಿ. ಹತ್ತಿರ, ಇನ್ನೂ ಹತ್ತಿರ. ಕಲ್ಲಿನ ಮೇಲೆ ಉಗುರು ಕೆರೆದ ಸದ್ದು. ಲಾಟೀನಿನ ಬೆಳಕಿಗೆ ಎರಡು ಕಣ್ಣು, ಬೆಟ್ಟದಷ್ಟು ಕೂದಲು.

“ಸಿದ್ದ್ರು ಕಣ್ರಪ್ಪೋ! ಅಡ್ಡ ಬೀಳ್ರಿ!” ಎಂದು ಬೋರಯ್ಯ ಕಿರುಚಿದ.

ಬಿದ್ದೆವು. ಮೂವರೂ. ಸಾಷ್ಟಾಂಗ. ಬಿ.ಎ. ಓದಿದ ನಾನು ಎಲ್ಲರಿಗಿಂತ ಮೊದಲು. ಓಡಬಹುದು ಎಂಬ ವಿಚಾರ ಒಬ್ಬರಿಗೂ ಬರಲಿಲ್ಲ. ಸಿದ್ಧರು ಬಂದಾಗ ಯಾರು ಓಡುತ್ತಾರೆ?

ಬಿಸಿ ಉಸಿರು ನನ್ನ ಕತ್ತಿನ ಮೇಲೆ ಹಾದುಹೋಯಿತು. ಜೇನು, ಗೆದ್ದಲು, ಹಳೇ ಕಂಬಳಿಯ ವಾಸನೆ. ಭಾವ ನೆಲಕ್ಕೆ ಮುಖವಿಟ್ಟೇ ಬೇಡಿಕೊಳ್ಳುತ್ತಿದ್ದರು — “ನನ್ ಲಿಂಗ ಕೊಡ್ಸಪ್ಪಾ, ಬೇರೇನೂ ಬ್ಯಾಡ.” ಅದು ಅವರ ನೆತ್ತಿಯನ್ನು ಮೂಸಿತು. ನನ್ನ ಬೆನ್ನಿನ ಮೇಲೆ ಒಂದು ಪಾದವಿಟ್ಟು ದಾಟಿತು. ಗಂಟನ್ನು ಕಚ್ಚಿಕೊಂಡು ನಾವು ಬಂದ ಕಿಂಡಿಯಲ್ಲಿ ಹೋಗಿ ಕೂತಿತು.

ನಾನು ಒಂದು ಕಣ್ಣು ತೆರೆದು ನೋಡಿದೆ. ಕರಡಿ. ಯಾವ ಅನುಮಾನವೂ ಇಲ್ಲ.

ಅಷ್ಟರಲ್ಲಿ ಭಾವ ಬಿಕ್ಕಿದರು. ನಮಸ್ಕಾರಕ್ಕೆ ಚಾಚಿದ ಬಲಗೈ ಬಂಡೆಯ ಬುಡದ ಸಂದಿಯೊಳಗೆ ಹೋಗಿತ್ತು. ಈಚೆಗೆ ಬಂದಾಗ ಅದರಲ್ಲಿ ಕರಡಿಗೆ ಇತ್ತು. ಬೆಳ್ಳಿ ನಗ್ಗಿತ್ತು. ಬಿಚ್ಚಿದರೆ ಲಿಂಗ ಹಾಗೇ ಇತ್ತು, ಒಂದು ಗೀರೂ ಇಲ್ಲ. ಕಣ್ಣಿಗೊತ್ತಿಕೊಂಡು ಭಾವ ಅತ್ತರು. ಬೋರಯ್ಯನೂ ಅತ್ತ. ನನ್ನ ಕನ್ನಡಕಕ್ಕೆ ಧೂಳು ಮೆತ್ತಿತ್ತು ಎಂದು ಬರೆಯುತ್ತೇನೆ.

ಸ್ವಲ್ಪ ಹೊತ್ತಿನ ಮೇಲೆ

ಭಾವ ಪೂಜೆಗೆ ಕೂತಿದ್ದಾರೆ. ಅಂಗೈಯಲ್ಲಿ ಲಿಂಗ, ಬಂಡೆಯಿಂದ ತೊಟ್ಟಿಕ್ಕುವ ನೀರು, ಸಂಚಿಯ ವಿಭೂತಿ. ಇಷ್ಟು ನಿಧಾನದ ಪೂಜೆಯನ್ನು ನಾನು ಮಠದಲ್ಲೂ ನೋಡಿಲ್ಲ.

ಕಿಂಡಿಯಲ್ಲಿ ಅದು ಗಂಟಿನ ಜೊತೆ ಗುದ್ದಾಡುತ್ತಿದೆ. ಅಕ್ಕ ಹಾಕಿದ ಗಂಟು, ಸುಲಭಕ್ಕೆ ಬಿಚ್ಚುವುದಿಲ್ಲ. ಹೊರಗೆ ಹೋಗಲು ನಮಗೆ ಬೇರೆ ದಾರಿಯಿಲ್ಲ.

“ಭಾವ, ಅದು ಕರಡಿ” ಎಂದು ಪಿಸುಗುಟ್ಟಿದೆ.

“ತಪ್ಪು ಮಾತಾಡ್ಬೇಡ. ಸಿದ್ದ್ರು.”

ಪೂಜೆ ಮುಗಿಯಿತು. ಹರಿದ ಶಿವದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು. ಬಂಡೆಯ ನೀರನ್ನು ಬೊಗಸೆ ಹಿಡಿದು ಕುಡಿದರು. ಮತ್ತೆ ಹಿಡಿದು ಕುಡಿದರು. ಮುಖಕ್ಕೆ ಕಳೆ ಬಂತು. ಮೂಗು ಅರಳಿತು.

“ಏನಯ್ಯ ಅದು ವಾಸ್ನೆ? ತುಪ್ಪ, ಏಲಕ್ಕಿ?”

“ಅಕ್ಕ ನಿಮಗೆ ಅಂತ ಹೋಳಿಗೆ ಕಟ್ಟಿದ್ದಳು. ತಾನೂ ಉಣ್ಣದೆ ಮಾಡಿದ್ದು.”

“ಎಲ್ಲಿ?”

ತೋರಿಸಿದೆ. ಗಂಟು ಬಿಚ್ಚಿತ್ತು. ಮೊದಲನೆಯ ಹೋಳಿಗೆ ಆಗಲೇ ಆ ಬಾಯಲ್ಲಿತ್ತು.

ಭಾವ ದಿಟ್ಟಿಸಿ ನೋಡಿದರು.

“ಎಂಥಾ ಸಿದ್ದ್ರಯ್ಯ? ಕರಡಿ ಕಣಯ್ಯ ಅದು!”

“ಯಜಮಾನ್ರೆ, ಬ್ಯಾಡ, ಕೂತ್ಕಳಿ” ಎನ್ನುತ್ತಿದ್ದಾನೆ ಬೋರಯ್ಯ. ಕೇಳಿಸುತ್ತಿಲ್ಲ. ಈಗ ಗವಿಯೊಳಗೆ ಎರಡು ತಿದಿಗಳ ಸದ್ದು. ದೊಡ್ಡದು ಭಾವನದು. ಪಂಚೆ ಎತ್ತಿ ಕಟ್ಟುತ್ತಿದ್ದಾರೆ. ಅದು ಎರಡನೆಯ ಹೋಳಿಗೆಗೆ ಬಾಯಿ ಹಾಕಿ ಇತ್ತ ತಿರುಗಿ ನೋಡಿತು. ಕರಡಿಯ ಮುಖದಲ್ಲಿ ದಿಗಿಲು ನಾನು ಇದೇ ಮೊದಲು—

“ಲೇಯ್, ಇಡ್ಲಾ ಅದ್ನ ಕೆಳಗೆ! ನನ್ ಹೆಂಡ್ತಿ ತಟ್ಟಿದ್ದು!”

ಎದ್ದು ನಿಂತಿತು. ನಮ್ಮ ಭಾವನಷ್ಟೇ ಎತ್ತರ. ಭಾವ ಕೈ ಚಾಚಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ಕರಡಿ ಒಂದು ಹೆಜ್ಜೆ ಹಿಂದೆ ಇಟ್ಟಿತು.